ಮೊದಲು ಗೋಡೆ, ಆಮೇಲೆ ಬ್ರಷ್ಷು

ಈ ಬೆಳಿಗ್ಗೆ ಕೆನ್ನೆಗೆ ನೊರೆ ಹಚ್ಚಿಕೊಳ್ಳುತ್ತಿದ್ದಾಗ ಬ್ರಷ್ಷಿನಿಂದ ಒಂದು ಚಿಟಿಕೆ ಕೂದಲು ಕಿತ್ತು ಬಂದು ಮುಖಕ್ಕೇ ಅಂಟಿತು. ಕನ್ನಡಿಯಲ್ಲಿ ನೋಡಿದರೆ ಎಪ್ಪತ್ತೈದರ ಮುದುಕನಿಗೆ ಬಿಳಿ ನೊರೆಯ ನಡುವೆ ಕರಿಗಡ್ಡ ಚಿಗುರಿದೆ. ಸಂತೋಷ ತಡೆಯದೆ ಹೆಂಡತಿಯನ್ನು ಕರೆದು ತೋರಿಸಿದೆ. ನೀಲವ್ವ ಸೌಟು ಹಿಡಿದುಕೊಂಡೇ ಬಂದು ನೋಡಿದಳು, ಪ್ರಾಯ ಬಂದದ್ದು ಕೆನ್ನೆಗೆ ಮಾತ್ರವೋ ಮೊಣಕಾಲಿಗೂ ಬಂತೋ ಎಂದು ವಿಚಾರಿಸಿದಳು, ಒಗ್ಗರಣೆ ಸೀಯುತ್ತದೆಂದು ಹೊರಟುಹೋದಳು. ಹೀಗೆ ನನ್ನ ಬ್ರಷ್ಷು ಕಾಲವಾಯಿತು.

ನನ್ನ ಬಾಳಿನಲ್ಲಿ ಇದು ನಾಲ್ಕನೆಯದು. ನಗಬೇಡಿ, ಒಂದೊಂದೂ ಹನ್ನೆರಡು ಹದಿಮೂರು ವರ್ಷ ಬಾಳಿದೆ. ಇವುಗಳ ಮೂಲಪುರುಷನನ್ನು ಆರಿಸಿಕೊಟ್ಟವನು ಸಿಂದಗಿಯ ಪೇಂಟರ್ ಮಲ್ಲಣ್ಣ. ಅಂಗಡಿಗಳ ಬೋರ್ಡು ಬರೆಯುವವನಿಗೂ ದಾಡಿ ಬ್ರಷ್ಷಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ನನ್ನ ಮುಖದ ವಿಷಯ ಹೇಳಬೇಕು, ಅದನ್ನು ಬಿಟ್ಟು ಈ ಕಥೆ ಮುಂದೆ ಹೋಗುವುದಿಲ್ಲ.

ಆರನೆಯ ವಯಸ್ಸಿನಲ್ಲಿ ನನಗೆ ಸಿಡುಬು ಬಂದಿತ್ತು. ಜೀವ ಉಳಿಸಿ ಹೋಯಿತು, ಮುಖದ ತುಂಬ ಗುಳಿಗಳನ್ನೂ ಬಿಟ್ಟು ಹೋಯಿತು. ನಮ್ಮ ಕಡೆ ಮುದುಕಿಯರು ಚಂದದ ಮಕ್ಕಳನ್ನು ಕಂಡರೆ ಎರಡೂ ಕೆನ್ನೆ ಸವರಿ, ಬೆರಳುಗಳನ್ನು ತಮ್ಮ ಕಿವಿಯ ಮೇಲಕ್ಕೆ ಒತ್ತಿ, ನೆಟಿಕೆ ಮುರಿದು ದೃಷ್ಟಿ ತೆಗೆಯುತ್ತಾರೆ. ನನ್ನ ತಮ್ಮನಿಗೆ ದಿನಕ್ಕೆ ನಾಲ್ಕು ಬಾರಿಯಾದರೂ ಈ ಮರ್ಯಾದೆ ಸಿಗುತ್ತಿತ್ತು. ನನಗೆ ಯಾರೂ ಮುರಿಯಲಿಲ್ಲ. ಈ ಮುಖಕ್ಕೆ ಯಾರ ಕಣ್ಣು ತಾಗೀತು? ಅವರ ಲೆಕ್ಕ ಅವರಿಗೆ ಸರಿಯೇ ಇತ್ತು. ನನಗೆ ಮಾತ್ರ ಅದು ಬಹಳ ವರ್ಷ ಕೊರೆಯಿತು.

ಮೋರಟಗಿಯಲ್ಲಿ ನಾನು ಪ್ರಾಥಮಿಕ ಶಾಲೆಯ ಮಾಸ್ತರನಾದ ಹೊತ್ತಿಗೆ ಗಡ್ಡದ ಕಾಟ ಶುರುವಾಗಿತ್ತು. ಕಟಿಂಗ್ ಅಂಗಡಿಯ ಕತ್ತಿ ಗುಳಿಗಳ ಮೇಲಿನಿಂದ ಜಾರಿಕೊಂಡು ಹೋಗುತ್ತಿತ್ತು, ಒಳಗಿನ ಕೂದಲು ಅಲ್ಲೇ ಉಳಿಯುತ್ತಿತ್ತು. ಹಟ ಹಿಡಿದು ಒತ್ತಿದರೆ ರಕ್ತ. ಮಧ್ಯಾಹ್ನದ ಹೊತ್ತಿಗೆ ನನ್ನ ಮುಖ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯಾಗಿರುತ್ತಿತ್ತು. ಅದಕ್ಕೆ ನಾನು ಕಂಡುಕೊಂಡ ಉಪಾಯ ಟವೆಲ್ಲು. ಕೊರಳಿಗೆ ಸುತ್ತಿ, ತುದಿಯನ್ನು ಗದ್ದದ ಮೇಲಿನವರೆಗೆ ಎಳೆದುಕೊಂಡೇ ಓಡಾಡುತ್ತಿದ್ದೆ. ಮಾಸ್ತರರಿಗೆ ಹಲ್ಲುನೋವು ಎಂದು ಊರವರು ಲವಂಗ ಕಳಿಸಿದ್ದೂ ಉಂಟು.

ಅದೇ ವರ್ಷ ಇಂಡಿಯಲ್ಲಿ ಒಂದು ಹೆಣ್ಣು ನೋಡಲು ಹೋದೆವು. ಟವೆಲ್ಲು ಸುತ್ತಿಕೊಂಡು ಕೂರುವಂತಿಲ್ಲವಲ್ಲ, ಆದ್ದರಿಂದ ಸ್ನೋ ಹಚ್ಚಿ, ಅದರ ಮೇಲೆ ಪೌಡರು ಬಳಿದುಕೊಂಡು ಬಸ್ಸು ಹತ್ತಿದೆ. ಬೇಸಗೆ. ಇಂಡಿ ಬರುವುದರೊಳಗೆ ಬೆವರು ಹರಿದು ಉಬ್ಬಿನ ಮೇಲಿನ ಪೌಡರೆಲ್ಲ ತೊಳೆದುಹೋಗಿ, ಗುಳಿಗಳಲ್ಲಿ ಮಾತ್ರ ಬೆಳ್ಳಗೆ ನಿಂತಿತ್ತು. ಯಾವುದನ್ನು ಮುಚ್ಚಬೇಕೆಂದಿದ್ದೆನೋ ಅದಕ್ಕೇ ಗುರುತು ಹಾಕಿದಂತಾಯಿತು. ಹುಡುಗಿ ಒಂದು ಸಲ ತಲೆ ಎತ್ತಿದಳು, ಮತ್ತೆ ಎತ್ತಲಿಲ್ಲ. ಪತ್ರ ಬರೆದು ತಿಳಿಸುತ್ತೇವೆ ಎಂದರು. ಆ ಪತ್ರ ಇನ್ನೂ ದಾರಿಯಲ್ಲಿದೆ.

ಆಗ ಬಂದವನು ಮಲ್ಲಣ್ಣ. ಸಿಡುಬನ್ನು ದೇಶದಿಂದಲೇ ಓಡಿಸಲು ಸರಕಾರ ಹೊರಟಿದ್ದ ಕಾಲ. ಸಿಡುಬು ಬಂದವರು ಕಂಡರೆ ಸುದ್ದಿ ಕೊಡಿ, ಬಹುಮಾನ ಪಡೆಯಿರಿ ಎಂದು ಊರೂರಿನ ಗೋಡೆಗಳ ಮೇಲೆ ಬರೆಸುತ್ತಿದ್ದರು. ನಮ್ಮ ಶಾಲೆಯ ಗೋಡೆಯ ಪಾಲಿಗೂ ಅದು ಬಂತು. ಮಕ್ಕಳು ಗೋಡೆಯನ್ನು ಓದುವುದು, ತಿರುಗಿ ನನ್ನನ್ನು ನೋಡುವುದು. ಮಾಸ್ತರರನ್ನು ತೋರಿಸಿದರೆ ಬಹುಮಾನ ಸಿಕ್ಕೀತೇ ಎಂದು ಮೂರನೇ ಇಯತ್ತೆಯ ಮಕ್ಕಳಲ್ಲಿ ಗಂಭೀರ ಚರ್ಚೆ ನಡೆದಿತ್ತೆಂದು ಆಮೇಲೆ ತಿಳಿಯಿತು.

ನಾನು ಟವೆಲ್ಲಿನೊಳಗೆ ಇನ್ನಷ್ಟು ಇಳಿದು ಅವನ ಕೆಲಸ ನೋಡುತ್ತಿದ್ದೆ. ಎಂಥ ಕೈ ಅದು! ಸ್ಕೇಲಿಲ್ಲ, ದಾರವಿಲ್ಲ, ಅಕ್ಷರಗಳು ಮಾತ್ರ ನೆಟ್ಟಗೆ ಬಂದು ನಿಲ್ಲುತ್ತಿದ್ದವು. ಗೋಡೆಯ ಗಾರೆ ಎದ್ದುಹೋಗಿ ತಗ್ಗು ಬಿದ್ದಿದ್ದ ಕಡೆ ಗಟ್ಟಿ ಬ್ರಷ್ಷು ಬಿಟ್ಟು ಮೆತ್ತನೆಯದನ್ನು ತೆಗೆದುಕೊಂಡು, ಸುತ್ತು ಸುತ್ತಾಗಿ ಆಡಿಸಿ ಬಣ್ಣವನ್ನು ತಗ್ಗಿನ ತಳಕ್ಕೆ ಮುಟ್ಟಿಸುತ್ತಿದ್ದ. ಅದನ್ನು ನೋಡಿ ನನ್ನ ತಲೆಯಲ್ಲಿ ಏನೋ ಹೊಳೆಯಿತು. ಮುಂದಿನ ವಾರ ಮುದ್ದೇಬಿಹಾಳದಲ್ಲಿ ಇನ್ನೊಂದು ಹೆಣ್ಣು ನೋಡುವುದಿತ್ತು. ಇದೂ ತಪ್ಪಿದರೆ ಮದುವೆಯ ಮಾತೇ ಬೇಡ ಎಂದು ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡಿದ್ದೆ. ದಾಡಿ ನಾನೇ ಮಾಡಿಕೊಳ್ಳಬೇಕೆಂದಿದ್ದೇನೆ, ಬ್ರಷ್ಷು ಎಂಥದ್ದು ಕೊಳ್ಳಲಿ ಎಂದು ಅವನನ್ನು ಕೇಳಿದೆ. ರಜೆಯ ದಿನ ಸಿಂದಗಿಗೆ ಬರಲು ಹೇಳಿದ.

ಸ್ಟೇಷನರಿ ಅಂಗಡಿಯವನು ಏಳೆಂಟು ಬ್ರಷ್ಷು ಹರವಿದ. ನನ್ನ ಕಣ್ಣು ಕೆಂಪು ಹಿಡಿಕೆಯ ನೈಲಾನಿನದರ ಮೇಲೆ ಕುಳಿತಿತ್ತು. ಮಲ್ಲಣ್ಣ ಬ್ರಷ್ಷುಗಳನ್ನು ಕಣ್ಣೆತ್ತಿಯೂ ನೋಡಲಿಲ್ಲ.

“ಮೊದಲ ಗೋಡಿ ತೋರಸ್ರಿ ಮಾಸ್ತರ,” ಎಂದ. ನನಗೆ ತಿಳಿಯಲಿಲ್ಲ. “ಟಾವೆಲ್ ತಗೀರಿ. ಗೋಡಿ ನೋಡದ ಬ್ರಷ್ ಹೆಂಗ ಆರಸ್ಲಿ?”

ಬೀದಿಯ ಅಂಗಡಿ, ಹಗಲು ಹೊತ್ತು, ಸುತ್ತ ಜನ. ತೆಗೆದೆ. ಮಲ್ಲಣ್ಣ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಕೆನ್ನೆಯ ಮೇಲೆ ಹೆಬ್ಬೆರಳು ಆಡಿಸಿ, ಎಲ್ಲಿ ಆಳ, ಎಲ್ಲಿ ಕೂದಲು ಯಾವ ಕಡೆ ಮಲಗಿದೆ ಎಂದು ಸಾವಕಾಶವಾಗಿ ನೋಡಿದ. ಅಯ್ಯೋ ಪಾಪ ಎನ್ನಲಿಲ್ಲ, ನೋಡಿದರೂ ನೋಡದವನ ಹಾಗೆ ಕಣ್ಣು ತಪ್ಪಿಸಲಿಲ್ಲ. ಅಮ್ಮನನ್ನು ಬಿಟ್ಟರೆ ನನ್ನ ಮುಖವನ್ನು ಅಷ್ಟು ಹೊತ್ತು ನೋಡಿದವನು ಅವನೊಬ್ಬನೇ.

ಆಮೇಲೆ ಬ್ರಷ್ಷುಗಳ ಪರೀಕ್ಷೆ. ನೈಲಾನಿನದು ನೀರು ಹಿಡಿಯುವುದಿಲ್ಲವೆಂದು ಮೊದಲೇ ಸರಿಸಿದ. ಒಂದರ ಬುಡವನ್ನು ಹೆಬ್ಬೆರಳಿನಿಂದ ಬಿಡಿಸಿ ತೋರಿಸಿದ, ಮೇಲೆ ದಟ್ಟ, ನಡುವೆ ಟೊಳ್ಳು. ಇನ್ನೊಂದರ ತುದಿಯನ್ನು ಕತ್ತರಿಯಿಂದ ಸಮ ಮಾಡಿದ್ದರು. ಕೂದಲಿನ ತುದಿ ಹುಟ್ಟಿದ ಹಾಗೇ ಸಣ್ಣಗಿರಬೇಕು, ಕತ್ತರಿ ಬಿದ್ದರೆ ಅದು ಚುಚ್ಚುತ್ತದೆಯೇ ಹೊರತು ಗುಳಿಯೊಳಗೆ ಇಳಿಯುವುದಿಲ್ಲ ಎಂಬುದು ಅವನ ಸಿದ್ಧಾಂತ. ಕೊನೆಗೆ ಕಟ್ಟಿಗೆಯ ಹಿಡಿಕೆಯ, ನೋಡಲು ಏನೂ ಚಂದವಿಲ್ಲದ ಒಂದನ್ನು ನೀರಿನಲ್ಲಿ ಅದ್ದಿ, ಕೊಡವಿ, ನನ್ನ ಕೆನ್ನೆಯ ಮೇಲೆ ಸುತ್ತಿಸಿದ. ಹಸುವಿನ ಕರು ನೆಕ್ಕಿದ ಹಾಗಾಯಿತು. ನೊರೆಯನ್ನು ಹೀಗೇ ಸುತ್ತು ಸುತ್ತಾಗಿ ಹಚ್ಚಿದರೆ ಮಲಗಿದ ಕೂದಲು ಎದ್ದು ನಿಲ್ಲುತ್ತದೆ, ಬ್ಲೇಡಿಗೆ ಸಿಗುತ್ತದೆ ಎಂದ.

ಹೊರಡುವಾಗ ಪೌಡರಿನ ಡಬ್ಬಿಯನ್ನೂ ಕೇಳಿದೆ. ಮಲ್ಲಣ್ಣ ಅಂಗಡಿಯವನ ಕೈ ತಡೆದ.

“ಸುಣ್ಣ ಬಳದ್ರ ತಗ್ಗು ಮುಚ್ಚೂದಿಲ್ರಿ ಮಾಸ್ತರ, ಮತ್ತಷ್ಟು ಎದ್ದು ಕಾಣತಾವ. ಇದ್ದ ಗೋಡಿ ಸ್ವಚ್ಛ ಇಡ್ರಿ, ಸಾಕು.”

ಮುದ್ದೇಬಿಹಾಳಕ್ಕೆ ಹಾಗೆಯೇ ಹೋದೆ. ಪೌಡರಿಲ್ಲ, ಟವೆಲ್ಲಿಲ್ಲ. ಒಂದು ತಾಸು ಕುಳಿತು ನುಣ್ಣಗೆ ಬೋಳಿಸಿದ ಮುಖ, ಗುಳಿಗಳೆಲ್ಲ ಲೆಕ್ಕಕ್ಕೆ ಸಿಗುವಷ್ಟು ಸ್ಪಷ್ಟ. ಹುಡುಗಿ ಚಹಾ ಕೊಟ್ಟು ಹೋದಳು. ಹಿರಿಯರು ಮಳೆ ಬೆಳೆ ಮಾತಾಡುತ್ತ ಕುಳಿತರು. ನನ್ನ ಮುಖದ ಸುದ್ದಿಯನ್ನು ಯಾರೂ ಎತ್ತುತ್ತಿಲ್ಲ, ಎಲ್ಲರ ತಲೆಯಲ್ಲೂ ಅದೇ ಇದೆ. ಆಗ ಬಾಗಿಲ ಬಳಿ ಕುಳಿತಿದ್ದ ಹುಡುಗಿಯ ಅಜ್ಜಿ ಎದ್ದು ಬಂದು ನನ್ನೆದುರು ನಿಂತಳು.

“ಮೈಲಿ ಬಂದಿತ್ತೇನಪ್ಪಾ?”

“ಹೌದ್ರಿ ಅಜ್ಜಿ. ಆರು ವರ್ಷದಾವ ಇದ್ದಾಗ ಸಿಡುಬು ಬಂದಿತ್ತು.”

“ನನ್ನ ಎರಡು ಕೂಸಿನ್ನ ಒಯ್ತು ಅದು,” ಎಂದಳು ಅಜ್ಜಿ. “ನೀ ಉಳದು ಬಂದಿ.”

ಅಷ್ಟು ಹೇಳಿ ಎರಡೂ ಕೈಯಿಂದ ನನ್ನ ಕೆನ್ನೆ ಸವರಿ, ಬೆರಳು ತನ್ನ ಕಿವಿಯ ಮೇಲಕ್ಕೆ ಒತ್ತಿ ನೆಟಿಕೆ ಮುರಿದಳು. ಹತ್ತೂ ಬೆರಳು ಲಟಲಟನೆ ಮುರಿದವು. ಇಪ್ಪತ್ತನಾಲ್ಕು ವರ್ಷದ ಗಂಡಸು ನಾನು, ಹೆಣ್ಣಿನ ಮನೆಯಲ್ಲಿ ಕುಳಿತು ಅತ್ತುಬಿಟ್ಟೆ. ಮಳೆ ಬೆಳೆಯ ಮಾತು ಅಲ್ಲಿಗೆ ನಿಂತು ಮದುವೆಯ ಮಾತು ಶುರುವಾಯಿತು.

ಆ ಹುಡುಗಿಯೇ ನೀಲವ್ವ. ಚಹಾ ಕೊಡುವಾಗ ನೀನು ನನ್ನ ಮುಖದಲ್ಲಿ ಏನು ನೋಡಿದೆ ಎಂದು ವರ್ಷಗಳ ಮೇಲೆ ಧೈರ್ಯ ಮಾಡಿ ಕೇಳಿದ್ದೆ. ಕಿವಿಯ ಕೆಳಗೆ ಒಣಗಿದ ಸಾಬೂನು ಇತ್ತಂತೆ, ಒರೆಸಬೇಕೆನಿಸಿತಂತೆ. ಮಲ್ಲಣ್ಣನಿಗೆ ಮದುವೆಯ ಸುದ್ದಿ ಹೇಳಲು ಸಿಂದಗಿಗೆ ಓಡಿದ್ದೆ. ಏಣಿಯ ಮೇಲೆ ನಿಂತಿದ್ದವನು ಎಲ್ಲ ಕೇಳಿ, ಬ್ರಷ್ಷು ತೊಳೆದು ತಲೆಕೆಳಗಾಗಿ ತೂಗುಹಾಕುತ್ತೇನೋ ಇಲ್ಲವೋ ಎಂದಷ್ಟೇ ವಿಚಾರಿಸಿ, ಅಕ್ಷರಕ್ಕೆ ತಿರುಗಿದ. ಅಂಥ ಮನುಷ್ಯನನ್ನು ನಾನು ಮತ್ತೆ ಕಾಣಲಿಲ್ಲ. ಅವನ ಮಾತನ್ನು ಎಲ್ಲದರಲ್ಲೂ ಪಾಲಿಸಿದೆ, ಟವೆಲ್ಲಿನ ಚಟ ಮಾತ್ರ ಬಿಡಲಾಗಲಿಲ್ಲ. ನಿವೃತ್ತನಾಗಿ ಬಸವನ ಬಾಗೇವಾಡಿಗೆ ಬಂದು ನೆಲೆಸಿದ ಮೇಲೂ, ಹೊರಗೆ ಹೊರಟರೆ ಕೈ ತಾನೇ ಅದನ್ನು ಹುಡುಕುತ್ತದೆ.

ಇವತ್ತು ಸಂಜೆ ಬ್ರಷ್ಷು ಕೊಳ್ಳಲು ಹೊರಟಾಗಲೂ ಸುತ್ತಿಕೊಂಡಿದ್ದೆ. ಕಣ್ಣಿಗೆ ಪೊರೆ ಬೆಳೆಯುತ್ತಿದೆ, ಕೂದಲಿನ ತುದಿ ಕಾಣುವುದಿಲ್ಲವೆಂದು ನೀಲವ್ವ ಜೊತೆಗೆ ಬಂದಳು. ಅಂಗಡಿಯ ಹುಡುಗ ಪ್ಲಾಸ್ಟಿಕ್ ಡಬ್ಬಿಗಳನ್ನು ಸಾಲಾಗಿ ಇಟ್ಟು, ಬಿಚ್ಚಬಾರದು ಎಂದ. ನೀಲವ್ವ ಬಿಚ್ಚಿದಳು. ಬುಡ ಬಿಡಿಸಿ ನೋಡಿದಳು, ತುದಿಯನ್ನು ಅಂಗೈಗೆ ಒತ್ತಿದಳು, ಒಂದು ಲೋಟ ನೀರು ತರಿಸಿದಳು. ಐವತ್ತು ವರ್ಷ ನನ್ನ ಕಥೆ ಕೇಳಿ ಕೇಳಿ ಬೇಸತ್ತಿದ್ದಾಳೆ ಎಂದುಕೊಂಡಿದ್ದೆ. ಒಂದಕ್ಷರ ಮರೆತಿರಲಿಲ್ಲ. ಒದ್ದೆ ಬ್ರಷ್ಷು ಕೊಡವಿ ನನ್ನ ಕಡೆ ತಿರುಗಿದಳು.

“ಟಾವೆಲ್ ತಗೀರಿ. ಮೊದಲ ಗೋಡಿ ತೋರಸ್ರಿ.”

ಅಂಗಡಿಯಲ್ಲಿ ಐದಾರು ಜನ ಇದ್ದರು. ಎಲ್ಲರೂ ನೋಡುತ್ತಿದ್ದರು. ನಾನು ಟವೆಲ್ಲು ಬಿಚ್ಚಿ ಗಲ್ಲಾಪೆಟ್ಟಿಗೆಯ ಮೇಲಿಟ್ಟೆ. ಆಕೆ ಕೆನ್ನೆಯ ಮೇಲೆ ಬ್ರಷ್ಷನ್ನು ಸುತ್ತು ಸುತ್ತಾಗಿ ಆಡಿಸಿ, ತಗ್ಗಿನಾಗ ಇಳೀತೈತೇನ್ರಿ ಎಂದು ಕೇಳಿದಳು. ನಾನು ಇನ್ನೊಂದು ಕೆನ್ನೆ ತಿರುಗಿಸಿದೆ.

“ಈ ಕಡೆ ತಗ್ಗು ಹೆಚ್ಚು ಅದಾವ,” ಎಂದೆ. “ಇಲ್ಲೂ ನೋಡು.”