ಸವತಿಯಾಗಿ ಬಂದ ಹಾಡು

ನಮ್ಮ ಮನೆಯ ಟೇಪ್ ರೆಕಾರ್ಡರಿಗೆ ಒಂದು ಹೊದಿಕೆಯಿತ್ತು. ಬಿಳಿ ಬಟ್ಟೆಯ ಮೇಲೆ ಎರಡು ಗಿಳಿಗಳನ್ನು ಕಸೂತಿ ಹಾಕಿ ಅದನ್ನು ಹೊಲಿದವಳು ನಾನೇ. ಮದುವೆಯಾಗಿ ಕುಂದಾಣದಿಂದ ದೊಡ್ಡಬಳ್ಳಾಪುರಕ್ಕೆ ಬಂದ ಹೊಸತರಲ್ಲಿ, ಗಂಡನಿಗೆ ಪ್ರಿಯವಾದದ್ದೆಲ್ಲ ನನಗೂ ಪ್ರಿಯವಾಗಲೇಬೇಕೆಂದು ನಂಬಿದ್ದ ದಿನಗಳಲ್ಲಿ. ಸವತಿಗೆ ನಾನೇ ಸೀರೆ ಉಡಿಸಿದ್ದೆನೆಂದು ತಿಳಿಯಲು ಹೆಚ್ಚು ಕಾಲ ಹಿಡಿಯಲಿಲ್ಲ.

ನಗಬೇಡಿ. ಹೆಣ್ಣಿನ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ಜಗಳವಾಡಲು ಒಂದು ಮುಖವಾದರೂ ಇರುತ್ತದೆ. ಹಾಡಿನ ಮೇಲೆ ಪಟ್ಟರೆ ಯಾರ ಜುಟ್ಟು ಹಿಡಿಯುವುದು?

ಅದು ತೊಂಬತ್ತರ ದಶಕದ ಆರಂಭ. ನಮ್ಮವರು ದಿನವೂ ರೈಲಿನಲ್ಲಿ ಬೆಂಗಳೂರಿನ ಕಾರ್ಖಾನೆಯೊಂದಕ್ಕೆ ಹೋಗಿಬರುತ್ತಿದ್ದರು. ಮಾತು ಬಲು ಕಡಿಮೆ. ಸಾರು ಚೆನ್ನಾಗಿದೆ ಎಂಬುದನ್ನೂ ಇನ್ನೊಂದು ಸೌಟು ಹಾಕಿಸಿಕೊಂಡೇ ತಿಳಿಸುವ ಜಾತಿ. ಆದರೆ ಭಾನುವಾರ ಅವರ ಜೊತೆಯ ಕೆಲಸಗಾರ ರಫೀಕ್ ಬಂದು ಕೂತನೆಂದರೆ, ಗಿಳಿಗಳ ಹೊದಿಕೆ ಸರಿದು, ಅವರ ಅಚ್ಚುಮೆಚ್ಚಿನ ಒಂದು ಇಂಗ್ಲಿಷ್ ರಾಕ್ ಹಾಡು ಶುರುವಾಯಿತೆಂದರೆ, ನನ್ನ ಗಂಡ ಬೇರೆಯೇ ಮನುಷ್ಯ. ಪಕ್ಕದ ಮನೆಯ ಕರೆಂಟು ಮಗ್ಗಗಳ ಲಟಪಟ ಸದ್ದನ್ನು ಮೀರಿಸಲು ಟೇಪಿನ ದನಿಯನ್ನು ಪೂರ್ತಿ ಏರಿಸಿ, "ಈಗ ಬರುತ್ತೆ ನೋಡ್ಲಾ, ಈಗ ಬರುತ್ತೆ" ಎಂದು ಅವರು ಬೆರಳೆತ್ತುವರು. ಗಿಟಾರು ಅಳಲಿಕ್ಕೆ ತೊಡಗುವುದು. ಇಬ್ಬರೂ ಗಂಡಸರು ದೇವರ ಮುಂದೆ ನಿಂತವರ ಹಾಗೆ ಕಣ್ಣು ಮುಚ್ಚುವರು.

"ಏನಮ್ಮಾ ಅದು, ಗಂಟಲಲ್ಲಿ ಮೀನುಮುಳ್ಳು ಸಿಕ್ಕೊಂಡೋನ ಥರ ಕಿರುಚ್ತಾನೆ" ಎಂದು ನಮ್ಮತ್ತೆ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಗಿಟಾರಿನ ಆ ಏರಿಗೆ ನನ್ನವರ ಕಣ್ಣಂಚು ಒದ್ದೆಯಾದದ್ದನ್ನು ನಾನು ಅಡುಗೆಮನೆಯ ಬಾಗಿಲಿನಿಂದ ನೋಡಿದ್ದೆ. ನನ್ನನ್ನು ನೋಡಿ ಆ ಕಣ್ಣು ಒಮ್ಮೆಯೂ ಹಾಗೆ ತೇವಗೊಂಡಿರಲಿಲ್ಲ.

ಒಂದು ದಿನ ತಡೆಯಲಾರದೆ ಕೇಳಿದೆ. "ಏನಂತಾನೆ ರೀ ಅದ್ರಲ್ಲಿ?"

"ನಿಂಗೆ ಗೊತ್ತಾಗಲ್ಲ ಬಿಡು."

"ನಿಮಗೆ ಗೊತ್ತಾಗುತ್ತಾ?"

"ಅರ್ಧಂಬರ್ಧ. ಅರ್ಥಕ್ಕೆ ಕೇಳೋ ಹಾಡಲ್ಲ ಕಣೇ ಅದು."

ಅರ್ಥವಿಲ್ಲದ್ದಕ್ಕೆ ಅಳುವ ಗಂಡ, ಅರ್ಥವಿದ್ದ ನನ್ನ ಮಾತಿಗೆ "ಹ್ಞೂಂ" ಎನ್ನುವ ಗಂಡ! ಮರುದಿನ ಅವರು ಕೆಲಸಕ್ಕೆ ಹೋದ ಮೇಲೆ, ಈ ಸವತಿಯಲ್ಲಿ ಇರುವುದೇನು, ನನ್ನಲ್ಲಿ ಇಲ್ಲದ್ದೇನು ಎಂದು ನೋಡಿಯೇಬಿಡುವ ಹಟದಿಂದ ಗುಂಡಿ ಒತ್ತಿದೆ. ಏನೂ ಸಿಗಲಿಲ್ಲ. ಅದರ ಮರುದಿನವೂ ಇಲ್ಲ. ಮಧ್ಯಾಹ್ನ ಕರೆಂಟು ಹೋಗುವ ಹೊತ್ತು ನನಗೆ ಬಿಡುವಾಗುತ್ತಿದ್ದುದರಿಂದ, ಅಂಗಡಿಯಿಂದ ಸೆಲ್ಲು ತಂದು ಟೇಪಿನ ಬೆನ್ನಿಗೆ ತುಂಬಿದೆ.

ಅಲ್ಲೇ ಆದದ್ದು. ಕರೆಂಟು ಹೋದರೆ ನಮ್ಮ ಬೀದಿಯ ಮಗ್ಗಗಳೆಲ್ಲ ಒಮ್ಮೆಗೇ ನಿಲ್ಲುತ್ತವೆ; ಆಗ ಬರುವ ಮೌನ, ಆ ಸದ್ದಿನಲ್ಲೇ ಬಾಳುವವರಿಗಷ್ಟೇ ಗೊತ್ತು. ಆ ಮೌನದಲ್ಲಿ ಗಿಟಾರು ತನ್ನ ದುಃಖವನ್ನೆಲ್ಲ ತೋಡಿಕೊಂಡು ಸುಮ್ಮನಾದ ಮೇಲೆ, ಕೊನೆಯ ಚರಣ ಎತ್ತಿಕೊಳ್ಳುವ ಮುನ್ನ, ಹಾಡುವವನು ಒಂದು ಉಸಿರು ಎಳೆದುಕೊಂಡ. ಅತ್ತು ಮುಗಿಸಿದವರು, ಬಾಗಿಲಿಗೆ ಯಾರೋ ಬಂದರೆಂದು, "ಚೆನ್ನಾಗಿದೀನಿ" ಎನ್ನಲು ಎಳೆದುಕೊಳ್ಳುತ್ತಾರಲ್ಲ, ಅಂಥ ಉಸಿರು. ತವರಿನಿಂದ ಅಣ್ಣ ಬಂದಾಗಲೆಲ್ಲ ನಾನು ಎಳೆದುಕೊಳ್ಳುತ್ತಿದ್ದ ಉಸಿರು. ಸಮುದ್ರದಾಚೆಯ ಆ ಬಿಳಿಯನಿಗೆ ಇದನ್ನು ಹೇಳಿದವರಾರು?

ಅಂದಿನಿಂದ ಆ ಮಧ್ಯಾಹ್ನಗಳು ನನ್ನವಾದವು. ಒಂದು ಹಾಡನ್ನು ಮನಸಾರೆ ಮೆಚ್ಚಿದವರು ಅದನ್ನು ಊರಿಗೆಲ್ಲ ಹಂಚುತ್ತಾರೆನ್ನುವುದು ಮೇಲುಮಾತು. ಒಳಗೊಳಗೆ ಪ್ರತಿಯೊಬ್ಬರೂ ಅದು ತಮ್ಮೊಬ್ಬರಿಗೇ ಹಾಡಿದ್ದೆಂದು ನಂಬಿರುತ್ತಾರೆ. ಭಾನುವಾರ ಅವರಿಬ್ಬರೂ ಅದನ್ನು ಹಾಕಿದಾಗ ಈಗಲೂ ನನಗೆ ಉರಿಯುತ್ತಿತ್ತು, ಆದರೆ ಉರಿ ದಿಕ್ಕು ಬದಲಿಸಿತ್ತು. ಮೊದಲು ಹಾಡು ನನ್ನ ಗಂಡನನ್ನು ಕಿತ್ತುಕೊಂಡಿತೆಂಬ ಸಂಕಟ. ಈಗ ಗಂಡ ನನ್ನ ಹಾಡನ್ನು ಮುಟ್ಟುತ್ತಿದ್ದಾರೆಂಬ ಸಂಕಟ.

ಹೀಗಿರುವಾಗ ರಫೀಕನಿಗೆ ದುಬೈಯಲ್ಲಿ ಕೆಲಸ ಸಿಕ್ಕಿತು. ಹೇಳಿಹೋಗಲು ಬಂದ ಮಧ್ಯಾಹ್ನ, ಕೊನೆಯದಾಗಿ ಹಾಡು ಕೇಳೋಣವೆನ್ನುವಷ್ಟರಲ್ಲಿ ಕರೆಂಟು ಹೋಯಿತು. ನಮ್ಮವರು ಕ್ಯಾಸೆಟ್ಟು ಹೊರತೆಗೆದು ಅವನ ಕೈಗಿಟ್ಟರು.

"ಹೋಗ್ಲಿ ಗುರು, ನೀನೇ ಇಟ್ಕೋ. ಅಲ್ಲಿ ನಿಂಗೆ ಜೊತೆಗಾಗುತ್ತೆ."

"ಕೊಡಬೇಡಿ!"

ಕೂಗಿದ್ದು ನಾನೇ. ಕೈಯಲ್ಲಿ ಕಾಫಿ ಲೋಟ. ಮನೆಗೆ ಬಂದ ಅತಿಥಿಗೆ, ಅದೂ ಊರು ಬಿಟ್ಟು ಹೊರಟವನಿಗೆ, ಹೀಗೆನ್ನಬಹುದೇ? ನಮ್ಮವರ ಮುಖ ಕೆಂಪಾಯಿತು. "ಏನೇ ಇದು? ನಿಂಗ್ಯಾಕೆ ಅದು?"

"ಟೇಪಿಗೆ ಸೆಲ್ ಹಾಕಿದೀನಿ. ಇಬ್ರೂ ಕೇಳಿ. ಆದ್ರೆ ಕೊಡಬೇಡಿ."

"ಸೆಲ್ಲಾ? ಯಾವಾಗ ಹಾಕಿದೆ?"

ನಾನು ಲೋಟವನ್ನು ಕೆಳಗಿಟ್ಟೆ. ರಫೀಕ್ ನನ್ನನ್ನು ಅರೆಗಳಿಗೆ ನೋಡಿ, ಎಂದೋ ಕಳೆದುಹೋದ ನೆಂಟರನ್ನು ಗುರುತು ಹಿಡಿದವನಂತೆ ನಕ್ಕ. "ಅತ್ತಿಗೆ, ನೀವೂನಾ? ಹಂಗಾದ್ರೆ ಇದು ನನಗೆ ಬೇಡ. ಬೆಂಗಳೂರಲ್ಲಿ ಇನ್ನೊಂದು ಹುಡುಕ್ಕೊಂತೀನಿ. ಅದಿರ್ಲಿ, ನಿಮಗೆ ಎಲ್ಲಿ ಇಷ್ಟ?"

ಯಾರೂ ಎಂದೂ ಕೇಳದ ಪ್ರಶ್ನೆ. ಬಾಯಿ ತಾನಾಗಿ ತೆರೆಯಿತು. "ಗಿಟಾರ್ ನಿಂತ ಮೇಲೆ ಅವನು ಉಸಿರು ಎಳ್ಕೊಳ್ತಾನಲ್ಲ, ಅಲ್ಲಿ."

"ಉಸಿರಾ?" ಎಂದರು ನಮ್ಮವರು. ರಫೀಕನೂ ತಲೆಯಾಡಿಸಿದ; ಅವನಿಗೂ ಗೊತ್ತಿರಲಿಲ್ಲ. ಹಾಡು ಹಾಕಿದರು. ಆ ಜಾಗ ಬಂದಾಗ ರಫೀಕ್ ಪಟ್ಟನೆ ಕಣ್ಣು ತೆರೆದು ನನ್ನತ್ತ ನೋಡಿ ಮೆಲ್ಲಗೆ ತಲೆದೂಗಿದ. ನಮ್ಮವರಿಗೆ ಮಾತ್ರ ಅದು ಕೇಳಿಸಲಿಲ್ಲ.

ಅವನನ್ನು ಬಸ್ಸು ಹತ್ತಿಸಿ ಬಂದ ನಮ್ಮವರು ಟೇಪಿನ ಎದುರು ಕೂತರು. ಆ ಮುಖದ ಮೇಲಿದ್ದುದನ್ನು ನಾನು ತಕ್ಷಣ ಗುರುತಿಸಿದೆ. ಅಷ್ಟು ದಿನ ನಾನೇ ಹೊತ್ತಿದ್ದ ಕಿಚ್ಚಲ್ಲವೇ ಅದು!

"ಅವನಿಗೆ ಹೇಳ್ದೆ. ನನಗ್ಯಾಕೆ ಒಂದಿನಾನೂ ಹೇಳ್ಲಿಲ್ಲ?"

"ನೀವು ಯಾವತ್ತಾದ್ರೂ ಕೇಳಿದ್ರಾ?"

ಕನ್ನಡದಲ್ಲಿ ಆ ಮಾತಿಗೆ ಎರಡು ಅಲಗು. ಎರಡೂ ತಾಗಿರಬೇಕು, ಅವರು ಟೇಪನ್ನು ಹತ್ತಿರಕ್ಕೆಳೆದುಕೊಂಡು, ಹಿಂದಕ್ಕೆ ಸುತ್ತಿ, ಕಿವಿಯನ್ನು ಅದಕ್ಕೆ ಆನಿಸಿದರು. ಮತ್ತೆ ಸುತ್ತಿದರು. ಮತ್ತೆ. ಕೊನೆಗೊಮ್ಮೆ ತಲೆಯೆತ್ತಿದಾಗ ಅವರ ಕಣ್ಣಂಚು ಒದ್ದೆಯಾಗಿತ್ತು, ಆ ಕಣ್ಣು ನನ್ನನ್ನೇ ನೋಡುತ್ತಿತ್ತು.

"ಸಿಕ್ತು ಕಣೇ" ಎಂದರು.

ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ನಿಮ್ಮಲ್ಲಿ ಮುಚ್ಚುಮರೆಯೇನು, ಅದರ ಹಿಂದೆಯೇ ಆ ಹಳೆಯ ಕಿಚ್ಚು ಚುರುಕ್ಕೆಂದಿತು: ಇನ್ನು ಆ ಉಸಿರೂ ನನ್ನೊಬ್ಬಳದಲ್ಲ.