ಅಕ್ಕ ಬಿಟ್ಟುಹೋದ ದೊಡ್ಡ ಅಕ್ಷರ

ನಮ್ಮಕ್ಕ ಗಿರಿಜಾ ತೀರಿಕೊಂಡಿದ್ದು ಹೋದ ವರ್ಷ ಕಾರ್ತಿಕದಲ್ಲಿ. ಈ ವರ್ಷದ ಕಾರ್ತಿಕವೂ ಬಂದು ಹೋಯಿತು. ಸಾವಿನ ಮನೆಯಲ್ಲಿ ಯಾರು ಅತ್ತರು, ಯಾರು ಅಳಲಿಲ್ಲ ಅನ್ನುವುದೆಲ್ಲ ನನಗೆ ಮರೆತುಹೋಗಿದೆ. ನೆನಪಿರುವುದು ಹನ್ನೊಂದರ ಕಾರ್ಯದ ದಿನ ಅವಳ ಮನೆಯ ಕಂಪ್ಯೂಟರ್ ಮುಂದೆ ನಡೆದದ್ದು. ಒಂದು ನಿಮಿಷವೂ ಹಿಡಿಯಲಿಲ್ಲ ಅದು. ಹೇಳಿದರೆ "ಇಷ್ಟಕ್ಕೆಲ್ಲ ಬೇಜಾರಾ?" ಅನ್ನುವವರೇ ಹೆಚ್ಚು. ಅದಕ್ಕೇ ಯಾರಿಗೂ ಹೇಳದೆ ಇಲ್ಲಿ ಬರೆಯುತ್ತಿದ್ದೇನೆ.

ಅಕ್ಕನ ಮನೆ ಭದ್ರಾವತಿಯಲ್ಲಿ. ಭಾವ ಅಲ್ಲಿ ಕಾರ್ಖಾನೆ ಕೆಲಸದಲ್ಲಿದ್ದರು. ನಿವೃತ್ತಿಯಾದ ಮೇಲೆ ಆಸೆಪಟ್ಟು ಒಂದು ಕಂಪ್ಯೂಟರ್ ತಂದಿಟ್ಟರು, ಆದರೆ ಅವರೇ ಹೆಚ್ಚು ದಿನ ಉಳಿಯಲಿಲ್ಲ. ಅಕ್ಕನಿಗೆ ಮಕ್ಕಳಿಲ್ಲ. ಮೈದುನ ರಮೇಶಣ್ಣ, ಅವರ ಹೆಂಡತಿ ಸುಮಾ ಮೊದಲಿನಿಂದಲೂ ಅದೇ ಮನೆಯಲ್ಲಿದ್ದರು, ಅಕ್ಕ ಅವರ ಜೊತೆಗೇ ಉಳಿದಳು. ನಾನು ಶಿವಮೊಗ್ಗದ ವಿನೋಬನಗರದಲ್ಲಿ ಒಂದು ಕ್ಲಿನಿಕ್ಕಿನಲ್ಲಿ ಕಂಪ್ಯೂಟರಿನಲ್ಲಿ ರೋಗಿಗಳ ಚೀಟಿ ಮಾಡುವ ಕೆಲಸಕ್ಕಿದ್ದೇನೆ. ಭಾನುವಾರ ಬಂದರೆ ಬಸ್ ಹತ್ತಿ ಅಕ್ಕನನ್ನು ನೋಡಲು ಹೋಗುತ್ತಿದ್ದೆ.

ಸಕ್ಕರೆ ಕಾಯಿಲೆ ಅಕ್ಕನ ಕಣ್ಣಿಗೆ ಇಳಿದಿತ್ತು. ಎದುರಿಗೆ ಏನೇ ಇಟ್ಟರೂ ಅದರ ನಡುಭಾಗ ಮಸುಕು. "ಇನ್ನು ಕನ್ನಡಕ ಬದಲಾಯಿಸಿ ಪ್ರಯೋಜನ ಇಲ್ಲಮ್ಮ" ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಪೇಪರ್ ನೋಡದೆ ಕಾಫಿ ಗಂಟಲಲ್ಲಿ ಇಳಿಯದ ಹೆಂಗಸು ಅವಳು. ಭೂತಗನ್ನಡಿ ಹಿಡಿದು ಒಂದಷ್ಟು ದಿನ ಓದಿದಳು. ಕೈ ನಡುಗತೊಡಗಿದ ಮೇಲೆ ಅದನ್ನೂ ಬಿಟ್ಟಳು. ಮುಚ್ಚಿದ ಪೇಪರನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದಳು.

ಒಂದು ಭಾನುವಾರ ನಾನು ಅವಳನ್ನು ಕಂಪ್ಯೂಟರ್ ಮುಂದೆ ಕೂರಿಸಿ, ಅದೇ ಪತ್ರಿಕೆಯ ವೆಬ್‌ಸೈಟ್ ತೆರೆದೆ. ಕಂಟ್ರೋಲ್ ಕೀ ಹಿಡಿದುಕೊಂಡು ಪ್ಲಸ್ ಒತ್ತಿದರೆ ಪುಟ ದೊಡ್ಡದಾಗುತ್ತದೆ, ಮೈನಸ್ ಒತ್ತಿದರೆ ಚಿಕ್ಕದಾಗುತ್ತದೆ, ಸೊನ್ನೆ ಒತ್ತಿದರೆ ಮೊದಲಿನಂತಾಗುತ್ತದೆ. ಕ್ಲಿನಿಕ್ಕಿನಲ್ಲಿ ನಾನು ದಿನಾ ಮಾಡುವ ಕೆಲಸ. ಒಂದೊಂದೇ ಸಲ ಒತ್ತುತ್ತಾ ಹೋದೆ.

"ಅಯ್ಯೋ, ಉಬ್ತಾ ಇದೆಯಲ್ಲೇ ವನಜಾ, ಎಣ್ಣೇಲಿ ಪೂರಿ ಉಬ್ಬೋ ಹಾಗೆ! ಇನ್ನೊಂದು ಸಲ ಒತ್ತು. ಇನ್ನೊಂದು. ಹಾಂ, ಸಾಕು ಸಾಕು."

ಒಂದು ಸಾಲಿಗೆ ಮೂರೇ ಪದ ಬರುತ್ತಿದ್ದವು. ಕುತ್ತಿಗೆ ವಾರೆ ಮಾಡಿಕೊಂಡು, ಕಣ್ಣಂಚಿನಿಂದ ಆ ಮೂರು ಮೂರು ಪದ ಓದುತ್ತಾ ಅಡುಗೆಮನೆಯಲ್ಲಿ ಹಾಲು ಇಟ್ಟದ್ದನ್ನು ಮರೆತಳು.

ಕೀಗಳು ಕಣ್ಣಿಗೆ ಕಾಣುತ್ತಿರಲಿಲ್ಲ. ಅದಕ್ಕೆ ಅವಳೇ ಒಂದು ಉಪಾಯ ಮಾಡಿದಳು. ಭಾವ ಹೋದ ಮೇಲೆ ಹಣೆಗೆ ಸ್ಟಿಕ್ಕರ್ ಇಡುವುದನ್ನು ಬಿಡಿಸಿದ್ದರು. ಅವಳಿಗೆ ಬಿಡಲು ಮನಸ್ಸಿರಲಿಲ್ಲ. "ಬೇಡ ಅಕ್ಕ, ನೋಡಿದೋರು ಏನಂತಾರೆ" ಎಂದು ಸುಮಾ ಹೇಳಿದ್ದಳು. ಅರ್ಧ ಉಳಿದ ಕೆಂಪು ಸ್ಟಿಕ್ಕರ್ ಪ್ಯಾಕೆಟ್ಟು ಕನ್ನಡಿಯ ಹಿಂದೆ ಹಾಗೇ ಇತ್ತು. ಮುಂದಿನ ಭಾನುವಾರ ನಾನು ಹೋಗುವಷ್ಟರಲ್ಲಿ ಎಡತುದಿಯ ಕಂಟ್ರೋಲ್ ಕೀಗೆ ಒಂದು, ಬಲತುದಿಯ ಉದ್ದನೆಯ ಪ್ಲಸ್ ಕೀಗೆ ಒಂದು ಅಂಟಿಸಿದ್ದಳು. ಬೆರಳಲ್ಲಿ ತಡವಿ ಹುಡುಕುತ್ತಿದ್ದಳು.

"ನನ್ನ ಹಣೆಗೆ ಬೇಡ ಅಂದ್ರಲ್ಲ, ಇದರ ಹಣೆಗಾದ್ರೂ ಇರ್ಲಿ" ಎಂದು ನಕ್ಕಳು.

ಆಗ ಅವಳು ಎಷ್ಟು ಖುಷಿಯಾಗಿದ್ದಳೆಂದರೆ ಫೋನ್ ಮಾಡಿದಾಗೆಲ್ಲ ಸುದ್ದಿ ಓದಿ ಹೇಳುವವಳು. "ಆ ಮಂತ್ರಿ ರಾಜೀನಾಮೆ ಕೊಟ್ಟಿದ್ದು ಓದೋಕೆ ನಂಗೆ ಮಧ್ಯಾಹ್ನ ಪೂರ್ತಿ ಬೇಕಾಯ್ತು ಮಾರಾಯ್ತಿ. ನಾನು ಕೊನೇ ಸಾಲಿಗೆ ಬರೋ ಹೊತ್ತಿಗೆ ಅವನು ವಾಪಸ್ ತಗೊಂಡಿದ್ದ!"

ಬ್ರೌಸರ್‌ಗೆ ಒಂದು ಗುಣವಿದೆ. ಒಂದು ಸೈಟನ್ನು ಎಷ್ಟು ದೊಡ್ಡದು ಮಾಡಿ ಬಿಟ್ಟಿರುತ್ತೇವೋ, ಮುಂದಿನ ಸಲ ಅಷ್ಟೇ ದೊಡ್ಡದಾಗಿ ತೆರೆಯುತ್ತದೆ. ಯಾರಾದರೂ ಬದಲಾಯಿಸುವ ತನಕ ಅದು ನೆನಪಿಟ್ಟುಕೊಂಡಿರುತ್ತದೆ. ರಮೇಶಣ್ಣ ಸಂಜೆ ಕೆಲಸದಿಂದ ಬಂದು ನೋಡುವುದೂ ಅದೇ ಪತ್ರಿಕೆ. ತೆರೆದರೆ ಪರದೆ ತುಂಬ ಅಕ್ಕನ ಅಕ್ಷರ.

"ಇದೇನು ಗೋಡೆ ಬರಹಾನಾ ಅತ್ತಿಗೆ?" ಎನ್ನುತ್ತಾ ಸೊನ್ನೆ ಒತ್ತುತ್ತಿದ್ದರು.

"ಬಾಗಿಲು ತೆಗೆದಿಟ್ರೆ ರಸ್ತೇಲಿ ಹೋಗೋರೂ ಓದ್ಕೊಂಡು ಹೋಗ್ತಾರೆ" ಎಂದು ಸುಮಾ ದನಿಗೂಡಿಸುತ್ತಿದ್ದಳು.

ಮಧ್ಯಾಹ್ನ ಅಕ್ಕ ಉಬ್ಬಿಸುವುದು, ಸಂಜೆ ಅವರು ಇಳಿಸುವುದು. ಇದನ್ನು ನೋಡಲಾಗದೆ ನಾನು ಅಕ್ಕನಿಗೆಂದೇ ಬೇರೆ ಬ್ರೌಸರ್ ಹಾಕಿಕೊಟ್ಟೆ. ಇದರಲ್ಲಿ ಅವಳ ಅಕ್ಷರ ಅವಳದು, ಅದರಲ್ಲಿ ಅವರದು ಅವರದು. ಜಗಳವೇ ಇಲ್ಲ. ಮುಂದಿನ ಸಲ ಹೋದಾಗ ಅದು ಇರಲಿಲ್ಲ. ಕೇಳಿದ್ದಕ್ಕೆ ರಮೇಶಣ್ಣ, "ತೆಗೆದೆ. ಕಂಪ್ಯೂಟರ್ ಸ್ಲೋ ಆಗುತ್ತೆ. ಒಂದು ಮನೇಲಿ ಎರಡೆರಡು ಯಾಕಮ್ಮ?" ಎಂದರು. ಕಂಪ್ಯೂಟರ್ ಭಾವನದು ಎಂದು ಬಾಯಿಗೆ ಬಂದಿತ್ತು. ಅಕ್ಕ ಕಣ್ಣಲ್ಲೇ ಬೇಡ ಎಂದಳು. ನಾನು ಭಾನುವಾರ ಸಂಜೆ ಎದ್ದು ಬರುವವಳು, ಅಲ್ಲಿ ಬದುಕಬೇಕಾದವಳು ಅವಳು.

ಅದಾಗಿ ಸ್ವಲ್ಪ ದಿನಕ್ಕೆ ರಮೇಶಣ್ಣನ ಗೆಳೆಯರೊಬ್ಬರು ಮನೆಗೆ ಬಂದಿದ್ದರಂತೆ. ಯಾವುದೋ ಸುದ್ದಿ ತೋರಿಸಲು ಇವರು ಆ ಸೈಟ್ ತೆರೆದಿದ್ದಾರೆ. ಬಂದವರು ನಕ್ಕು, "ಏನಪ್ಪಾ ರಮೇಶ, ಇಷ್ಟು ಬೇಗ ಕಣ್ಣು ಹೋಯ್ತಾ?" ಎಂದರಂತೆ. ಅಷ್ಟೇ. ಅವರು ಹೋದ ಮೇಲೆ ರಮೇಶಣ್ಣ ಅಕ್ಕನನ್ನು ಕರೆದು, "ಅತ್ತಿಗೆ, ಇನ್ಮೇಲೆ ಇದನ್ನ ಮುಟ್ಟಬೇಡಿ. ಟೀವಿ ಇದೆಯಲ್ಲ, ನ್ಯೂಸ್ ಕೇಳ್ಕೊಳ್ಳಿ" ಎಂದರು.

ಇದನ್ನು ಅಕ್ಕ ಫೋನಿನಲ್ಲಿ ಹೇಳಿದಳು. "ಬಿಡು, ಓದಿ ಏನಾಗ್ಬೇಕಿದೆ ನಂಗೆ" ಎಂದಳು. ಅವಳ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಫೋನ್ ಮಾಡಿದಾಗೆಲ್ಲ ಊಟ ಆಯ್ತಾ, ಬಸ್ ಸಿಕ್ತಾ, ಇಷ್ಟೇ. ಸುದ್ದಿ ಇಲ್ಲ, ಮಂತ್ರಿಗಳೂ ಇಲ್ಲ. ಅವಳು ನಿಜವಾಗಿ ಬಿಟ್ಟೇಬಿಟ್ಟಿದ್ದಾಳೆ ಎಂದು ನಾನು ತಿಳಿದಿದ್ದೆ.

ಕಾರ್ತಿಕದ ಒಂದು ದಿನ ರಮೇಶಣ್ಣ, ಸುಮಾ ಇಬ್ಬರೂ ಆಯನೂರಿಗೆ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದರು. ಸಂಜೆ ಬಂದು ನೋಡಿದರೆ ಅಕ್ಕ ಅಡುಗೆಮನೆಯ ಹೊಸ್ತಿಲ ಹತ್ತಿರ ಬಿದ್ದಿದ್ದಳು. ಶಿವಮೊಗ್ಗದ ಆಸ್ಪತ್ರೆಗೆ ತಂದರು. ಅವಳಿಗೆ ಪ್ರಜ್ಞೆ ಬರಲೇ ಇಲ್ಲ. ಮೂರನೇ ದಿನ ಹೋಗಿಬಿಟ್ಟಳು.

ಹನ್ನೊಂದರ ಕಾರ್ಯಕ್ಕೆ ಮನೆ ತುಂಬ ಜನ. ಮೊದಲ ಪಂಕ್ತಿ ಊಟಕ್ಕೆ ಕೂತಿತ್ತು. ರಮೇಶಣ್ಣ ಅದೇ ಪತ್ರಿಕೆಯಲ್ಲಿ ಅಕ್ಕನ ಫೋಟೋ ಹಾಕಿಸಿ ಶ್ರದ್ಧಾಂಜಲಿ ಕೊಟ್ಟಿದ್ದರು. ವೆಬ್‌ಸೈಟಿನಲ್ಲೂ ಬಂದಿದೆ ಎಂದು ನೆಂಟರಿಗೆ ತೋರಿಸಲು ಕಂಪ್ಯೂಟರ್ ಹಾಕಿದರು. ಅಕ್ಕ ಬಿದ್ದ ದಿನದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಏಳೆಂಟು ಜನ ಕುರ್ಚಿಯ ಹಿಂದೆ ನಿಂತಿದ್ದೆವು.

ಪುಟ ತೆರೆಯಿತು. ಪರದೆಯ ಈ ತುದಿಯಿಂದ ಆ ತುದಿಗೆ ಅಕ್ಕನ ಮುಖ. ಮುಖವೂ ಪೂರ್ತಿ ಇಲ್ಲ, ಬರಿಯ ಹಣೆ ಮತ್ತು ಎರಡು ಕಣ್ಣು. ಅದು ಭಾವ ಇದ್ದಾಗ ತೆಗೆದ ಫೋಟೋ, ಹಣೆಯ ಮೇಲೆ ಕೆಂಪು ಸ್ಟಿಕ್ಕರ್ ಇತ್ತು. ಅವಳು ನಮ್ಮನ್ನೆಲ್ಲ ನೋಡುತ್ತಿದ್ದಳು.

ರಮೇಶಣ್ಣ, "ಯಾರು ಮಾಡಿದ್ದು ಇದನ್ನ?" ಎಂದರು.

"ಇನ್ಯಾರು" ಎಂದಳು ಸುಮಾ.

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ರಮೇಶಣ್ಣ ದಿನಾ ಸಂಜೆ ನೋಡುವ ಪುಟ ಅದು. ಅವರು ಕೊನೆಯ ಸಲ ನೋಡಿದ್ದು ಆಯನೂರಿಗೆ ಹೋಗುವ ಹಿಂದಿನ ಸಂಜೆ. ಅದಾದ ಮೇಲೆ ಅದನ್ನು ತೆರೆದು ಉಬ್ಬಿಸಿದವಳು ಅಕ್ಕ. ಮನೆಯಲ್ಲಿ ಯಾರೂ ಇಲ್ಲದ ಆ ಕೊನೆಯ ಹಗಲು ಅವಳು ಬಂದು ಇಲ್ಲಿ ಕೂತಿದ್ದಾಳೆ. ಸ್ಟಿಕ್ಕರ್ ತಡವಿ ಹುಡುಕಿ, ಕುತ್ತಿಗೆ ವಾರೆ ಮಾಡಿ, ಮೂರು ಮೂರು ಪದ ಓದಿದ್ದಾಳೆ. ತನ್ನ ಗಂಡ ತಂದಿಟ್ಟ ಕಂಪ್ಯೂಟರನ್ನು ಕಳ್ಳಿಯ ಹಾಗೆ ಮುಟ್ಟಿದ್ದಾಳೆ. ಆ ಪುಟ ಅವಳು ಬಿಟ್ಟ ಅಳತೆಯಲ್ಲೇ ಇತ್ತು.

"ರಮೇಶಣ್ಣ, ಹಾಗೇ ಇರ್ಲಿ" ಎಂದೆ.

"ಹಾಗೇ ಇದ್ರೆ ಏನಮ್ಮ ಕಾಣ್ಸುತ್ತೆ? ನಮ್ಮ ಹೆಸರೆಲ್ಲ ಕೆಳಗೆ ಹೋಗಿದೆ" ಎಂದವರು ಕಂಟ್ರೋಲ್ ಹಿಡಿದು ಸೊನ್ನೆ ಒತ್ತಿದರು.

ಅಕ್ಕನ ಮುಖ ಸ್ಟಾಂಪಿನಷ್ಟಾಗಿ ಮೂಲೆಗೆ ಹೋಯಿತು. ಪಕ್ಕದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ, 'ನಮಗೆ ತಾಯಿ ಸಮಾನರಾಗಿದ್ದ' ಎಂದು ಶುರುವಾಗಿ ಮನೆಯವರ ಹೆಸರುಗಳಿದ್ದವು. ಅವಳು ಬದುಕಿದ್ದರೂ ಓದಲಾಗದ ಅಕ್ಷರ. "ಈಗ ಸರಿಯಾಯ್ತು ನೋಡಿ" ಎಂದರು ರಮೇಶಣ್ಣ. ಎಲ್ಲರೂ ಬಗ್ಗಿ ಓದಿ, ಚೆನ್ನಾಗಿ ಬಂದಿದೆ ಎಂದರು. ಸುಮಾ ಟೇಬಲ್ ಒರೆಸುವವಳ ಹಾಗೆ ಬಂದು ಕೀಗಳ ಮೇಲಿದ್ದ ಎರಡು ಸ್ಟಿಕ್ಕರನ್ನೂ ಉಗುರಿನಲ್ಲಿ ಕೆರೆದು ತೆಗೆದಳು. ಎರಡನೇ ಪಂಕ್ತಿಗೆ ಎಲೆ ಹಾಕಿದರು. ನಾನು ಕೂರಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಬಸ್ ಹತ್ತಿದೆ.

ಆಮೇಲೆ ಆ ಮನೆಗೆ ಹೋಗಿಲ್ಲ. ದೊಡ್ಡ ತಪ್ಪು ಅವರು ಮಾಡಿದ್ದಾರೆಂದು ನ್ಯಾಯ ಹೇಳಲು ನನಗೆ ಬರುವುದಿಲ್ಲ. ಅವರು ಅಕ್ಕನಿಗೆ ಊಟ ಹಾಕಿದ್ದಾರೆ, ಮಾತ್ರೆ ತಂದುಕೊಟ್ಟಿದ್ದಾರೆ. ಕೇಳಿದರೆ ಅದನ್ನೇ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಆದರೆ ಅವಳು ಕೇಳಿದ್ದು ಮಧ್ಯಾಹ್ನದ ಹೊತ್ತು ದೊಡ್ಡ ಅಕ್ಷರವನ್ನು ಮಾತ್ರ. ಅದಕ್ಕೆ ಯಾರೂ ಏನನ್ನೂ ಕೈಬಿಡಬೇಕಿರಲಿಲ್ಲ, ಎರಡು ಕೀ ಒತ್ತಿಕೊಂಡರೆ ಸಾಕಿತ್ತು. ಕೊಡಲು ಏನೂ ಖರ್ಚಿಲ್ಲದ್ದನ್ನೇ ಜನ ಯಾಕೆ ಅಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಾರೋ, ನನಗೆ ಇವತ್ತಿಗೂ ತಿಳಿದಿಲ್ಲ.

ನನ್ನ ಲ್ಯಾಪ್‌ಟಾಪಿನಲ್ಲಿ ಆ ಪತ್ರಿಕೆಯ ಪುಟವನ್ನು ಅಕ್ಕನ ಅಳತೆಗೇ ಉಬ್ಬಿಸಿ ಇಟ್ಟಿದ್ದೇನೆ. ನನ್ನ ಕಣ್ಣು ಚೆನ್ನಾಗಿದೆ, ಓದಲು ಕಷ್ಟವೇ ಆಗುತ್ತದೆ. ಆದರೂ ಇಳಿಸಿಲ್ಲ.

ಮೊನ್ನೆ ವರ್ಷಾಬ್ದಿಕದ ದಿನ ರಮೇಶಣ್ಣ ಫೋನ್ ಮಾಡಿದ್ದರು. "ಅತ್ತಿಗೆದು ಪೇಪರಲ್ಲಿ ಮತ್ತೆ ಹಾಕ್ಸಿದೀವಿ. ನೋಡಿದ್ಯಾ ವನಜಾ?"

ತೆರೆದೆ. ಪರದೆ ತುಂಬ ಅದೇ ಹಣೆ, ಅದೇ ಎರಡು ಕಣ್ಣು.

"ನೋಡ್ತಿದೀನಿ ರಮೇಶಣ್ಣ. ತುಂಬಾ ದೊಡ್ಡದಾಗಿ ಕಾಣ್ತಿದೆ."

"ಹೌದಾ? ಹಾಗಾದ್ರೆ ಪೇಪರಿನವರೇ ದೊಡ್ಡದು ಮಾಡಿ ಹಾಕಿರ್ಬೇಕು" ಎಂದರು ಅವರು, ಸಂತೋಷದಿಂದ.

ನಾನು ಫೋನ್ ಇಟ್ಟು, ಕುತ್ತಿಗೆ ವಾರೆ ಮಾಡಿಕೊಂಡು ಕೂತೆ.