ತ್ರಿಶಲಾ ಅಕ್ಕನ ಮೊದಲ ಪ್ರಶ್ನೆ

ಯಾವ ಕಂಪ್ಯೂಟರಿನ ಮುಂದೆ ಕುಳಿತರೂ ತ್ರಿಶಲಾ ಅಕ್ಕ ಮೊದಲು ಬಳೆಗಳನ್ನು ಮೊಳಕೈಯತ್ತ ಸರಿಸಿಕೊಳ್ಳುತ್ತಿದ್ದರು. ಆಮೇಲೆ ಯಂತ್ರಕ್ಕೆ ಒಂದೇ ಪ್ರಶ್ನೆ: ನಾನು ಯಾರು?

ಎಂಬತ್ತರ ದಶಕದ ನಡುವಿನ ಮಾತು. ಇಚಲಕರಂಜಿಯ ಒಂದು ಬಟ್ಟೆ ಗಿರಣಿಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಆ ಕೋಣೆಗೆ ಅಕ್ಕನೇ ಮುಖ್ಯಸ್ಥೆ. ನಾಂದಣಿಯ ಜೈನ ರೈತರ ಮನೆಯವರು, ಪುಣೆಯಲ್ಲಿ ಕಲಿತು ಬಂದಿದ್ದರು. ನಾನು ಹಲಕರ್ಣಿಯ ಕುರಿಗಾರರ ಮಗಳು ಮಾಳವ್ವ. ಟೈಪಿಂಗ್ ಬರುತ್ತದೆಂದು ಅವರ ಕೈಕೆಳಗೆ ಕೆಲಸಕ್ಕೆ ಸೇರಿದ್ದೆ.

ಗಿರಣಿಯ ಯಂತ್ರ ಯುನಿಕ್ಸ್ ಎಂಬ ವ್ಯವಸ್ಥೆಯ ಮೇಲೆ ನಡೆಯುತ್ತಿತ್ತು. ಅದಕ್ಕೆ ‘ಹೂ ಆಮ್ ಐ’ ಎಂದು ಟೈಪ್ ಮಾಡಿದರೆ, ನಾವು ಯಾವ ಹೆಸರಿನಿಂದ ಒಳಗೆ ಬಂದಿದ್ದೇವೋ ಆ ಹೆಸರನ್ನು ತೋರಿಸುತ್ತಿತ್ತು. ಕೊಲ್ಹಾಪುರದ ಕಚೇರಿಯ ದೊಡ್ಡ ಯಂತ್ರಕ್ಕೆ ಆ ಮಾತು ತಿಳಿಯದು. ಅಲ್ಲಿ ‘ಶೋ ಪ್ರೋಸೆಸ್’ ಅನ್ನಬೇಕು. ನಾನು ಗೊಂದಲಪಟ್ಟರೆ ಅಕ್ಕ ನಗುತ್ತಿದ್ದರು.

“ಮನ್ಯಾಗ ಕನ್ನಡ ಮಾತಾಡ್ತಿ, ಬಾಜಾರದಾಗ ಮರಾಠಿ ಮಾತಾಡ್ತಿ. ಆವಾಗ ತಲಿ ಕೆಡತೈತೇನ? ಇದೂ ಹಂಗ. ಮಷಿನ್ ಯಾವದರ ಇರಲಿ, ಮೊದಲ ಹೆಸರ ಕೇಳು. ಮತ್ತೊಬ್ಬರು ಎದ್ದ ಹೋದ ಖುರ್ಚಿ ಮ್ಯಾಲೆ ಕುಂತು ಅವರ ಹೆಸರಿಲೆ ಕೆಲಸ ಮಾಡಬ್ಯಾಡ.”

ಸೂರ್ಯ ಮುಳುಗಿದ ಮೇಲೆ ಅಕ್ಕ ಊಟ ಮಾಡುತ್ತಿರಲಿಲ್ಲ. ಸಂಜೆಯ ಪಾಳಿ ಇದ್ದರೆ ಐದಕ್ಕೇ ಡಬ್ಬಿ ಬಿಚ್ಚುವರು. ರೊಟ್ಟಿಗೆ ಹಚ್ಚುವ ಶೇಂಗಾ ಹಿಂಡಿಯ ವಾಸನೆ ತಣ್ಣನೆಯ ಕೋಣೆಯನ್ನೆಲ್ಲ ತುಂಬುತ್ತಿತ್ತು. ರೊಟ್ಟಿ ಮುರಿದು ಅರ್ಧ ನನ್ನ ಕೈಗಿಡದೆ ಒಂದು ದಿನವೂ ತಿಂದವರಲ್ಲ. ಬೇಡವೆಂದರೆ ಸಿಟ್ಟು: “ಅವ್ವ ಮಾಡ್ಯಾಳ. ನನಗ ಬ್ಯಾಡ ಅನ್ನು, ಆಕಿಗೆ ಅನಬ್ಯಾಡ.”

ಒಮ್ಮೆ ಗಡಹಿಂಗ್ಲಜದ ನಮ್ಮ ಬಟ್ಟೆ ಡಿಪೋದಿಂದ ಕರೆ ಬಂತು. ಬಂದಿಳಿದ ಬಟ್ಟೆಯ ಥಾನುಗಳ ಲೆಕ್ಕವನ್ನು ಯಾರೋ ಕಂಪ್ಯೂಟರಿನಿಂದ ಅಳಿಸಿದ್ದರು. ಅಳಿಸಿದವರ ಹೆಸರಿನ ಜಾಗದಲ್ಲಿ ಶಂಕರ ಎಂದಿತ್ತು. ಶಂಕರ ಅಲ್ಲಿನ ಆಪರೇಟರ್, ಹೊಸದಾಗಿ ಮದುವೆಯಾದವನು. ನಾವು ಹೋದಾಗ ಬಾಗಿಲ ಬಳಿ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಡಿಪೋದ ಸಾಹೇಬರು ಅವನನ್ನು ಕೆಲಸದಿಂದ ತೆಗೆಯಲು ನಿರ್ಧರಿಸಿಯೇ ಬಿಟ್ಟಿದ್ದರು.

“ಕಾಂಪ್ಯೂಟರ್ ಖೋಟಂ ಬೋಲತ್ ನಾಹಿ, ತ್ರಿಶಲಾಬಾಯಿ. ಅದು ಸುಳ್ಳ ಹೇಳೂದಿಲ್ಲ,” ಎಂದರು.

ಅಲ್ಲಿದ್ದದ್ದು ಡಾಸ್ ಎಂಬ ಬೇರೆ ವ್ಯವಸ್ಥೆಯ ಸಣ್ಣ ಯಂತ್ರ. ಅಕ್ಕ ಬಳೆ ಸರಿಸಿ ಕುಳಿತರು. “ಸಾಹೇಬರ, ಇದಕ್ಕ ನಾ ಯಾರು ಅಂತ ಕೇಳಾಕ ಬರೂದಿಲ್ಲರಿ. ಗುಂಡಿ ಒತ್ತಿದವರಿಗೆಲ್ಲಾ ಬಾಗಲಾ ತಗೀತೈತಿ. ನಮ್ಮ ಪ್ರೋಗ್ರಾಮ್ ಹೆಸರ ಕೇಳತೈತಿ ಖರೇ. ಆದ್ರ ಏನ ಬರೀತೀವಿ, ಅದನ್ನ ನಂಬತೈತಿ.”

ಹಾಗೆನ್ನುತ್ತಲೇ ಸಾಹೇಬರ ಹೆಸರನ್ನೇ ಟೈಪ್ ಮಾಡಿ, ಒಂದು ಖಾಲಿ ಪುಟದಲ್ಲಿ ಸುಳ್ಳು ಲೆಕ್ಕ ಬರೆದು ಅಳಿಸಿದರು. ಪರದೆಯ ಮೇಲೆ ಅಳಿಸಿದವರೆಂದು ಸಾಹೇಬರ ಹೆಸರು ಮೂಡಿತು.

“ನೋಡ್ರಿ, ಈಗ ನೀವು ಅಳಿಸಿದ್ರಿ.”

ಸಾಹೇಬರ ಮುಖ ಕೆಂಪಾಯಿತು. ಆಮೇಲೆ ಅವರೇ ಜೋರಾಗಿ ನಕ್ಕು, ಶಂಕರನಿಗೇ ಚಹಾ ತರಿಸಿದರು. ಮರುದಿನ ರಜೆ ಮುಗಿಸಿ ಬಂದ ಗುಮಾಸ್ತ ತಾನಾಗಿಯೇ ಒಪ್ಪಿಕೊಂಡ. ಒಂದೇ ಲೆಕ್ಕ ಎರಡು ಸಲ ಬಿದ್ದಿದೆ ಎಂದು ತಿಳಿದು ತೆಗೆದಿದ್ದನಂತೆ. ಪರದೆಯ ಮೇಲೆ ಮೊದಲೇ ಇದ್ದ ಶಂಕರನ ಹೆಸರನ್ನು ಬದಲಿಸಿರಲಿಲ್ಲವಂತೆ.

ಮುಂದಿನ ವರ್ಷ ನನ್ನ ಮದುವೆಯಾಯಿತು. ಗಂಡನ ಮನೆ ಇಚಲಕರಂಜಿಯದೇ ಶಹಾಪುರದಲ್ಲಿ, ಮಗ್ಗಗಳ ಸದ್ದಿನ ನಡುವೆ. ಅವರ ಪದ್ಧತಿಯಂತೆ ತಾಟಿನ ಅಕ್ಕಿಯಲ್ಲಿ ಉಂಗುರದಿಂದ ನನ್ನ ಹೊಸ ಹೆಸರು ಬರೆದರು: ಸುನೀತಾ. ಕೆಲಸಕ್ಕೆ ಮರಳಿದಾಗ ಕಂಪ್ಯೂಟರಿನಲ್ಲೂ ಹೆಸರು ಬದಲಾಗಲಿ ಎಂದು ಮ್ಯಾನೇಜರು ಹೇಳಿಕಳಿಸಿದರು. ಅಕ್ಕ ಸುನೀತಾ ಎಂಬ ಹೊಸ ಖಾತೆ ತೆರೆದರು. ಆದರೆ ಹಳೆಯದನ್ನು ತೆಗೆಯುವ ಮೊದಲು ನನ್ನ ಮುಖ ನೋಡಿದರು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಯಾಕೆಂದು ನನಗೂ ತಿಳಿದಿರಲಿಲ್ಲ; ಅತ್ತೆಯ ಮನೆಯಲ್ಲಿ ನನಗೇನೂ ಕಷ್ಟವಿರಲಿಲ್ಲ.

“ಇಲ್ಲಿ ಬಾ,” ಎಂದರು. “ಮಾಳವ್ವ ಆಗಿ ಒಳಗ ಬಾ.” ಬಂದೆ. “ಈಗ ‘ಎಸ್‌ಯು’ ಕೊಟ್ಟು ಸುನೀತಾ ಆಗು.” ಒಳಗಿದ್ದುಕೊಂಡೇ ಬೇರೆ ಹೆಸರಿಗೆ ದಾಟಿಸುವ ಆಜ್ಞೆ ಅದು. ಆದೆ. “ಈಗ ಐಡಿ ಕೇಳು.” ಸುನೀತಾ ಎಂದು ಬಂತು. “ಹೂ ಆಮ್ ಐ ಕೇಳು.” ಮಾಳವ್ವ ಎಂದು ಬಂತು.

“ಈಗ ಯಾರಾಗಿ ಕುಂತಿ, ಒಂದು ಅದನ್ನ ಹೇಳತೈತಿ. ಬರಾಗ ಯಾರಾಗಿ ಬಂದಿ, ಇನ್ನೊಂದು ಅದನ್ನ ಹೇಳತೈತಿ. ಎರಡೂ ಖರೇನ. ಯಾವದ ಇಡೂನು, ನೀನ ಹೇಳು.”

“ಮಾಳವ್ವ ಇರಲಿ ಅಕ್ಕಾರ,” ಎಂದೆ.

ಮ್ಯಾನೇಜರಿಗೆ ಏನು ಹೇಳಿದರೋ ಗೊತ್ತಿಲ್ಲ, ಯಾರೂ ಮತ್ತೆ ಆ ಮಾತೆತ್ತಲಿಲ್ಲ. ಆ ಸಂಜೆ ಅತ್ತೆ “ಸುನೀತಾ” ಎಂದು ಕೂಗಿದಾಗ ಮೊದಲ ಸಲ ಸಂತೋಷದಿಂದ ಓಗೊಟ್ಟೆ.

ಆ ದಶಕದ ಕೊನೆಗೆ ಅಕ್ಕನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಬೀಳ್ಕೊಡಲು ಕೊಲ್ಹಾಪುರದ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಗದ್ದಲದಲ್ಲಿ ನೂಕಿಕೊಂಡು ಹತ್ತಿ, ಕಿಟಕಿಯ ಪಕ್ಕ ಜಾಗ ಹಿಡಿದರು. ಗಾಜು ಸಿಕ್ಕಿಕೊಂಡು ಸರಿಯಲೊಲ್ಲದು. ಅದರ ಆಚೆಯಿಂದ ಏನೋ ಹೇಳಿದರು, ಮತ್ತೆ ಹೇಳಿದರು. ಎಂಜಿನ್ ಸದ್ದಿನಲ್ಲಿ ನನಗೆ ಒಂದಕ್ಷರವೂ ಕೇಳಲಿಲ್ಲ. ಆದರೂ ಹೂಂ ಎಂದು ತಲೆಯಾಡಿಸಿದೆ. ಅವರ ಮುಖ ಅರಳಿತು, ಒಪ್ಪಿದೆನೆಂದು ಸಮಾಧಾನವಾಗಿರಬೇಕು. ಬಸ್ಸು ಹೊರಟಿತು.

ಆಮೇಲೆ ನಾವು ಭೇಟಿಯಾಗಲೇ ಇಲ್ಲ. ಅಂದು ಯಾವುದಕ್ಕೆ ಹೂಂ ಅಂದೆನೋ ಇವತ್ತಿಗೂ ತಿಳಿಯದು. ಆದರೆ ಈಗಲೂ ಯಾವ ಯಂತ್ರದ ಮುಂದೆ ಕುಳಿತರೂ ಮೊದಲು ನಾನು ಯಾರೆಂದು ಕೇಳುತ್ತೇನೆ. ಏನೇ ಆಗಿರಲಿ, ಆ ಮಾತು ನಡೆಸಿಕೊಟ್ಟಿದ್ದೇನೆಂದೇ ನಂಬಿದ್ದೇನೆ.